ಮನೆ ಗುಂಪಿನಲ್ಲಿ ವಿಂಡೋಸ್ 10ರ ತಿಥಿ

ಶಿವಮೊಗ್ಗ ಮಾವ (ಫಾರ್ವರ್ಡ್): ಎಚ್ಚರ! 2025ರ ಅಕ್ಟೋಬರ್ 14ರ ನಂತರ ವಿಂಡೋಸ್ 10 ಕಂಪ್ಯೂಟರ್‌ಗಳೆಲ್ಲ ಬಂದ್! ಫೈಲ್‌ಗಳು ಮಾಯ! ಇವತ್ತೇ ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಸಿಕೊಳ್ಳಿ. ಹತ್ತು ಜನಕ್ಕೆ ಕಳಿಸಿ 🙏

ಹಾಸನದ ಅಕ್ಕ: ಮಾವ, ಇದು ಎಲ್ಲಿಂದ ಬಂತು? ಲಿಂಕ್ ಕೊಡಿ.

ಮಾವ: ವಾಕಿಂಗ್ ಗುಂಪಿನಲ್ಲಿ ಬಂತಮ್ಮ. ಕಳಿಸಿದವರು ರಿಟೈರ್ಡ್ ಇಂಜಿನಿಯರ್.

ಅಕ್ಕ: ಸಿವಿಲ್ ಇಂಜಿನಿಯರ್ರಾ? ಉಪ್ಪು ಸಿಗಲ್ಲ ಅಂತ ಕಳಿಸಿದ್ದೂ ಅವರೇ ಅಲ್ವಾ?

ದೊಡ್ಡಪ್ಪ: ಪುಕ್ಕಟೆ ಅಂದ ಕೂಡಲೇ ಓಡಬಾರದು. ದುಡ್ಡು ಕೊಟ್ಟು ತಗೊಂಡರೆ ಕೇಳುವ ಹಕ್ಕಿರುತ್ತದೆ.

ನಾನು: ದೊಡ್ಡಪ್ಪ, ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ. ಮಾವ, ಯಾವುದೂ ಬಂದ್ ಆಗಲ್ಲ, ಕಂಪ್ಯೂಟರ್ ಓಡುತ್ತದೆ, ಭದ್ರತೆಯ ಅಪ್‌ಡೇಟ್ ನಿಲ್ಲುತ್ತದೆ ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಅದಿಲ್ಲದ ಹಳೆಯ ಮಷೀನು ಎಸೆಯುವ ಬದಲು ಲಿನಕ್ಸ್ ಹಾಕಬಹುದು. ಲಿನಕ್ಸ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರ ಕಣ್ಣೆದುರೇ ಇರುತ್ತದೆ, ಕಳ್ಳತನ ನಡೆಯಲ್ಲ.

ಅಕ್ಕ: ನಡೆಯಲ್ವಾ? 2024ರಲ್ಲಿ ಎಕ್ಸ್‌ಝಡ್ ಅನ್ನುವ, ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಳಗೆ ಕದ್ದು ನುಗ್ಗಲು ಹಿಂಬಾಗಿಲು ಇಟ್ಟವನು ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯವನ ಹಾಗೆ ಕೆಲಸ ಮಾಡಿ ನಂಬಿಸಿದ್ದ. ಹಿಡಿದದ್ದು ಯಾರು? ಮೈಕ್ರೋಸಾಫ್ಟ್ ಇಂಜಿನಿಯರ್!

ನಾನು: ಲಾಗಿನ್ ಅರ್ಧ ಸೆಕೆಂಡ್ ತಡ ಆಯಿತು ಅಂತ ಆತ ಕೆದಕುತ್ತಾ ಹೋದರು. ಕೋಡ್ ತೆರೆದಿತ್ತು, ಅದಕ್ಕೇ ತಾನೆ ಕೆದಕಲು ಆಗಿದ್ದು?

ಚಿನ್ನಿ: ಅಯ್ಯೋ ಬಿಡ್ರೋ. ಅಜ್ಜಿ ಮನೆ ಕಂಪ್ಯೂಟರ್‌ನಲ್ಲಿ ಡೇವ್ ಆಡುತ್ತಿದ್ದೆವಲ್ಲ, ನೆನಪಿದೆಯಾ? ಕರೆಂಟ್ ಹೋಗಿ ಯುಪಿಎಸ್ ಕುಯ್ ಅಂದ ತಕ್ಷಣ ಅಜ್ಜಿ ಕೈಗೆ ಕೋಡುಬಳೆ ಕೊಟ್ಟು ಹೊರಗೆ ಅಟ್ಟುತ್ತಿದ್ದರು.

ಅಕ್ಕ: ಆ ಕಂಪ್ಯೂಟರ್‌ಗೆ ಫುಟ್‌ಪಾತ್‌ನಿಂದ ಕಳ್ಳ ವಿಂಡೋಸ್ ಸಿಡಿ ತಂದದ್ದು ಯಾರು, ಹೇಳಲಾ ದೊಡ್ಡಪ್ಪ?

ದೊಡ್ಡಪ್ಪ: ಆಗಿನ ಕಾಲ ಬೇರೆ. ಲಿನಕ್ಸ್ ಹಾಕಿ ನನ್ನ ವಂಶಾವಳಿ ಫೈಲ್ ಕೆಡಿಸಿದ್ದು ಯಾರು, ಮೊದಲು ಅದು ಹೇಳಲಿ. ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ್ದೆ. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ನಾನು: ಕೆಟ್ಟಿಲ್ಲ ದೊಡ್ಡಪ್ಪ. ನೀವು ಟೈಪ್ ಮಾಡಿದ್ದು ಹಳೆಯ ಫಾಂಟ್‌ನಲ್ಲಿ, ಎಲ್ಲ ಕಂಪ್ಯೂಟರ್‌ಗೂ ಅಕ್ಷರ ಗೊತ್ತಾಗುವ ಯುನಿಕೋಡ್‌ನಲ್ಲಿ ಅಲ್ಲ. ಆ ಫಾಂಟ್ ಇಲ್ಲದಿದ್ದರೆ ವಿಂಡೋಸ್ 11ರಲ್ಲೂ ಹಾಗೇ ಕಾಣುತ್ತದೆ. ಯುನಿಕೋಡ್‌ಗೆ ಬದಲಾಯಿಸಿದರೆ ಸರಿಯಾಗುತ್ತದೆ, ಅವತ್ತೇ ಹೇಳಿದ್ದೆ.

ದೊಡ್ಡಪ್ಪ: ಅವತ್ತು ನೀನು ಹೇಳಿದ್ದು "ಬ್ಯಾಕಪ್ ಇಲ್ವಾ" ಅಂತ.

ಚಿನ್ನಿ: ಹಹಹ

ಮಾವ: ಈಗ ನಾನು ಲಿನಕ್ಸ್ ಹಾಕಿಸಬೇಕೋ ಬೇಡವೋ?

(ಪಾಪ, ಯಾರೂ ಉತ್ತರ ಕೊಡಲಿಲ್ಲ.)

ಅತ್ತೆ: ಇವರದ್ದು ವಿಂಡೋಸ್ 7. ಸುಮ್ನೆ ಎಲ್ಲರನ್ನೂ ಹೆದರಿಸುತ್ತಿದ್ದಾರೆ.

ಅಕ್ಕ: ಅದರ ಅಪ್‌ಡೇಟ್ 2020ರಲ್ಲೇ ನಿಂತಿದೆ ಅತ್ತೆ!

ದೊಡ್ಡಪ್ಪ: ಭಾನುವಾರ ಊಟಕ್ಕೆ ಬಾರೋ. ಆ ಯುನಿಕೋಡ್ ಏನೋ ಅದನ್ನು ಮಾಡಿಕೊಡು. ಲಿನಕ್ಸ್ ತರಬೇಡ.