ಉಪ್ಪುನೀರಿನ ಈಜುಕೊಳಕ್ಕೆ ತಾಮ್ರದ ಹೀಟರ್ ತಡೆಯುತ್ತಾ?

ಹೊಳೆಬದಿ ಹೋಮ್‌ಸ್ಟೇ, ತೀರ್ಥಹಳ್ಳಿ:
ನಮ್ಮ ಹೋಮ್‌ಸ್ಟೇಯಲ್ಲಿ 60 ಸಾವಿರ ಲೀಟರಿನ ಈಜುಕೊಳ ಇದೆ. ಉಪ್ಪಿನಿಂದ ಕ್ಲೋರಿನ್ ಮಾಡುವ ಸಿಸ್ಟಮ್ ಹಾಕಿಸಿದ್ದೇವೆ. ಡಿಸೆಂಬರ್ ಬಂತೆಂದರೆ ನೀರು ಕೊರೆಯುತ್ತದೆ, ಮಕ್ಕಳು ಕಾಲಿಟ್ಟು ಹಾಗೇ ವಾಪಸ್ ಬರುತ್ತಾರೆ. ಒಬ್ಬರು ತಾಮ್ರದ ಕಾಯಿಲ್ ಇರುವ ಗ್ಯಾಸ್ ಹೀಟರ್ ತೋರಿಸಿದರು. ಇನ್ನೊಬ್ಬರು ಟೈಟಾನಿಯಂ ಹೀಟ್ ಪಂಪ್ ಅಂತಾರೆ, ಬೆಲೆ ಜಾಸ್ತಿ. ಏನು ಮಾಡಲಿ?

ಪಂಪು ರಿಪೇರಿ, ಶಿವಮೊಗ್ಗ:
ಟೈಟಾನಿಯಂದೇ ತಗೊಳ್ಳಿ ಸಾರ್. ಉಪ್ಪೊಂದೇ ಕಾರಣ ಅಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ನಿಮ್ಮ ಕೊಳದಲ್ಲಿ 3ರಿಂದ 4 ಗ್ರಾಂ ಅಷ್ಟೆ. ತಾಮ್ರವನ್ನು ಜಾಸ್ತಿ ತಿನ್ನುವುದು ಪಿಎಚ್ ಇಳಿದ, ಅಂದರೆ ಹುಳಿಯಾದ (ಆಮ್ಲೀಯ) ನೀರು, ಮತ್ತೆ ವಿಪರೀತ ಕ್ಲೋರಿನ್. ನಾನು ಬಿಚ್ಚಿದ ಒಂದು ಕಾಯಿಲ್ ಬಾಗಿದ ಕಡೆಯೆಲ್ಲ ಕಾಗದದಷ್ಟು ತೆಳ್ಳಗಾಗಿತ್ತು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಕರಗಿದ ತಾಮ್ರವೆಲ್ಲ ಆ ಕೊಳದ ಟೈಲ್ಸ್ ಸಂದಿಯಲ್ಲಿ ಹಸಿರು ಕಲೆಯಾಗಿ ಕೂತಿತ್ತು. ತಾಮ್ರ-ನಿಕ್ಕಲ್ ಬೆರಕೆಯದ್ದು ಸ್ವಲ್ಪ ವಾಸಿ. 316 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ಅಂದರೂ ಪೂರ್ತಿ ನಂಬಬೇಡಿ, ಉಪ್ಪಿನಲ್ಲಿರುವ ಕ್ಲೋರೈಡ್ ಅದಕ್ಕೂ ಚುಕ್ಕೆ ಚುಕ್ಕೆಯಾಗಿ ತೂತು ಕೊರೆಯುತ್ತದೆ.

ಪೈಪ್ ಜೋಡಿಸುವ ಕ್ರಮ ಇದಕ್ಕಿಂತ ಮುಖ್ಯ. ಪಂಪ್, ಫಿಲ್ಟರ್, ಹೀಟರ್, ಎಲ್ಲಕ್ಕಿಂತ ಕೊನೆಗೆ ಉಪ್ಪಿನ ಸೆಲ್, ಅಂದರೆ ಉಪ್ಪಿನಿಂದ ಕ್ಲೋರಿನ್ ಮಾಡುವ ಭಾಗ. ಹೀಟರಿಗೂ ಸೆಲ್ಲಿಗೂ ನಡುವೆ ಒಂದು ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಇರಲೇಬೇಕು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ ಅಲ್ವಾ? ಪಂಪ್ ನಿಂತ ಕೂಡಲೇ ಸೆಲ್ಲಿನ ಕ್ಲೋರಿನ್ ನೀರು ಹಿಂದಕ್ಕೆ ಹರಿದು ಹೀಟರಿನೊಳಗೆ ನಿಲ್ಲುತ್ತದೆ.

ಅಡಿಕೆ ತೋಟ, ಸಾಗರ:
ಪ್ಲಾಸ್ಟಿಕ್ ಸೋಲಾರ್ ಪ್ಯಾನೆಲ್ ಹಾಕಿ ಮಾರಾಯ್ರೇ. ತುಕ್ಕಿನ ತಾಪತ್ರಯವೇ ಇಲ್ಲ.

ಪಂಪು ರಿಪೇರಿ, ಶಿವಮೊಗ್ಗ:
ಬಿಸಿಲು ಬೀಳುವ ಮಾಡು ಇದ್ದರೆ ಒಳ್ಳೆಯದೇ. ಮರದ ನೆರಳಿದ್ದರೆ ಸುಮ್ನೆ ದುಡ್ಡು ದಂಡ.

ಹೊಳೆಬದಿ ಹೋಮ್‌ಸ್ಟೇ, ತೀರ್ಥಹಳ್ಳಿ:
ನಮ್ಮದು ತೋಟದ ನಡುವೆ, ಬಿಸಿಲು ಕಮ್ಮಿ. ಹೀಟ್ ಪಂಪಿಗೆ ಕರೆಂಟ್ ಎಷ್ಟು ಬೇಕಾಗಬಹುದು?

ಪಂಪು ರಿಪೇರಿ, ಶಿವಮೊಗ್ಗ:
ನಿಮ್ಮ ಕೊಳವನ್ನು 5 ಡಿಗ್ರಿ ಏರಿಸಲು ಸುಮಾರು 350 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನೇ ನೀರಿಗೆ ದಾಟಿಸುತ್ತದೆ, ಹಾಗಾಗಿ ಒಳ್ಳೆಯದಾದರೆ ಅದನ್ನು 70ರಿಂದ 90 ಯೂನಿಟ್ ಕರೆಂಟಿನಲ್ಲಿ ಮಾಡುತ್ತದೆ. ಗಾಳಿ ತಣ್ಣಗಿದ್ದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಅದಕ್ಕೇ ಹಗಲಲ್ಲೇ ಓಡಿಸಿ. ರಾತ್ರಿ ಕೊಳಕ್ಕೆ ಹೊದಿಕೆ ಹಾಕಿ. ಶಾಖ ಹೆಚ್ಚಾಗಿ ಹೋಗುವುದು ನೀರು ಆವಿಯಾಗುವುದರಿಂದಲೇ.

ಇನ್ನೊಂದು, ಮಳೆಗಾಲದಲ್ಲಿ ಕೊಳ ತುಂಬಿ ಹರಿದು ಉಪ್ಪು ಕೊಚ್ಚಿಹೋಗುತ್ತದೆ. ಅಳತೆ ನೋಡದೆ ಮೂಟೆ ಸುರಿಯಬೇಡಿ. ಪಿಎಚ್ 7.2ರಿಂದ 7.6ರೊಳಗೆ ಇರಲಿ. ಕೊಟೇಶನ್‌ನಲ್ಲಿ 'ಟೈಟಾನಿಯಂ ಎಕ್ಸ್‌ಚೇಂಜರ್' (ನೀರಿಗೆ ಶಾಖ ದಾಟಿಸುವ ಭಾಗ) ಅಂತ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.