ಪುಟ್ಟಿಗೆ ದೊಡ್ಡಮ್ಮನ ಉತ್ತರ: ಯಾವ ತಿಂಗಳು, ಯಾವ ದಡ

ಪುಟ್ಟಿ, ನಾನು ದೊಡ್ಡಮ್ಮ. ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಹಾಕಿದ್ದನ್ನು ಈಗ ಕಾಫಿ ಕುಡಿಯುತ್ತಾ ನೋಡಿದೆ. ಜುಲೈಯಲ್ಲಿ ಮಧುಚಂದ್ರಕ್ಕೆ ಶ್ರೀಲಂಕಾಕ್ಕೆ ಹೊರಟಿದ್ದೇವೆ, ಆ ತಿಂಗಳು ಅಲ್ಲಿ ಬರೀ ಮಳೆ ಎಂದು ಯಾರೋ ಹೆದರಿಸಿದ್ದಾರೆ, ರದ್ದು ಮಾಡಬೇಕೇ ಎಂದು ಕೇಳಿದ್ದೀಯ. ಹದಿನಾಲ್ಕು ಜನ ಕೆಂಪು ಹೃದಯ ಒತ್ತಿದ್ದಾರೆ, ಒಬ್ಬರೂ ಉತ್ತರ ಹೇಳಿಲ್ಲ. ನಮ್ಮ ಮನೆಯವರನ್ನು ನಿನಗೆ ನಾನು ಪರಿಚಯ ಮಾಡಿಕೊಡಬೇಕೇ?

ಅಳಿಯಂದಿರ ಪಟ್ಟಿಯನ್ನೂ ನೋಡಿದೆ. ಆರು ರಾತ್ರಿಗೆ ಎಂಟು ಊರು. ಕ್ಯಾಂಡಿ, ನುವಾರ ಎಳಿಯ, ಎಲ್ಲಾ, ಯಾಲ, ಮಿರಿಸ್ಸ, ಗಾಲೆ, ಬೆಂತೋಟ, ಕೊಲಂಬೊ. ಎಲ್ಲಾ ನೋಡಲೇಬೇಕು ಎಂಬ ಆಸೆ ಇದ್ದರೆ ಎಲ್ಲಾ ಎನ್ನುವ ಆ ಒಂದು ಊರನ್ನು ನೋಡಿ ಬರಲಿ, ಸುಳ್ಳಾಗುವುದಿಲ್ಲ. ಆದರೆ ಬೆಂತೋಟದ ಹೆಸರು ಕಂಡ ತಕ್ಷಣ ನನ್ನ ಕೈಯಲ್ಲಿದ್ದ ಲೋಟ ಕೆಳಗಿಳಿಯಿತು.

ನಮ್ಮ ಮದುವೆಯ 25ನೇ ವರ್ಷಕ್ಕೆ ನಾನೂ ದೊಡ್ಡಪ್ಪನೂ ಹೋಗಿದ್ದೆವಲ್ಲ, ಅದೂ ಜುಲೈಯೇ. ನೈಋತ್ಯ ದಡದ ಬೆಂತೋಟದಲ್ಲಿ ಐದು ರಾತ್ರಿ. ಏರ್ಪಾಡು ಮಾಡಿದವರು ನಿಮ್ಮ ಚಿಕ್ಕಪ್ಪ. "ಸಮುದ್ರಕ್ಕೆ ಎದುರಾಗಿರುವ ಕೋಣೆ, ಅರ್ಧ ಬೆಲೆಗೆ ಕೊಡಿಸಿದ್ದೇನೆ ಅತ್ತಿಗೆ" ಎಂದು ಎದೆಯುಬ್ಬಿಸಿ ಹೇಳಿದರು. ಅರ್ಧ ಬೆಲೆ ಏಕೆ ಎಂದು ಆ ಪುಣ್ಯಾತ್ಮ ಕೇಳಲಿಲ್ಲ, ನಾವೂ ಕೇಳಲಿಲ್ಲ. ಪೂರ್ತಿ ಹಣ ಮುಂಗಡ, ರದ್ದು ಮಾಡಿದರೆ ಒಂದು ಕಾಸೂ ವಾಪಸ್ಸಿಲ್ಲ. ಹೋಗಿ ನೋಡಿದರೆ ದಡದ ಮೇಲೆ ಕೆಂಪು ಬಾವುಟ. ಅಲೆಗಳು ತೆಂಗಿನ ಬುಡದವರೆಗೆ ನುಗ್ಗಿ ಬರುತ್ತಿದ್ದವು. ಪಾದ ನೆನೆಸಲು ಹೋದರೂ ಕಾವಲುಗಾರ ಸೀಟಿ ಊದುತ್ತಿದ್ದ. ಎರಡು ದಿನ ಕಿಟಕಿಯ ಗಾಜು ಒರೆಸುತ್ತಾ ಕುಳಿತೆವು. ಹೊಸ ಜೋಡಿಗೆ ಮಳೆಯೂ ಚೆಂದ ಎಂದು ನಿನ್ನ ಅತ್ತೆ ಹೇಳಬಹುದು. ಒಮ್ಮೆ ಒಗೆದ ಟವೆಲ್ ಐದು ದಿನ ಒಣಗದೆ ನಾರುವುದನ್ನು ನೋಡಿ ಬಂದು ಹೇಳಲಿ.

ಮೂರನೆಯ ದಿನ ಬೆಳಿಗ್ಗೆ ತಿಂಡಿ ಬಡಿಸುವ ಹುಡುಗನಿಗೆ ನಮ್ಮ ಮುಖ ನೋಡಿ ಕನಿಕರವಾಯಿತು. ಅಲ್ಲಿನ ಅಪ್ಪ ಎನ್ನುವ ದೋಸೆ ಗೊತ್ತಲ್ಲ, ಬಟ್ಟಲಿನಂತೆ ಅಂಚು ಎದ್ದಿರುತ್ತದೆ. ಆತ ಒಂದು ಅಪ್ಪವನ್ನು ತಟ್ಟೆಯಲ್ಲಿ ಬೋರಲು ಹಾಕಿದ. "ಇದು ನಮ್ಮ ಬೆಟ್ಟ" ಎಂದ. ತೆಂಗಿನಹಾಲಿನ ಸಾರನ್ನು ಒಂದೇ ಮಗ್ಗುಲಿಗೆ ಸುರಿದ. ಈ ಕಡೆ ತಟ್ಟೆಯೆಲ್ಲ ಸಾರು, ಆ ಕಡೆ ಒಂದು ಹನಿಯೂ ಇಲ್ಲ. "ನೀವು ಇಲ್ಲಿದ್ದೀರಿ" ಎಂದು ಸಾರಿನಲ್ಲಿ ಬೆರಳಿಟ್ಟ. "ಬಿಸಿಲು ಅಲ್ಲಿದೆ" ಎಂದು ಒಣ ಮಗ್ಗುಲನ್ನು ತೋರಿಸಿದ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮೋಡ ಬಂದು ನಡುವಿನ ಬೆಟ್ಟಗಳಿಗೆ ಬಡಿದು ಅಲ್ಲೇ ಸುರಿದುಬಿಡುತ್ತದಂತೆ, ಪೂರ್ವದ ದಡಕ್ಕೆ ದಾಟುವುದೇ ಇಲ್ಲವಂತೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಇದೇ ತಿರುಗುಮುರುಗು, ಆಗ ನೆನೆಯುವುದು ಪೂರ್ವದ ಕಡೆ. ಅಷ್ಟು ದುಡ್ಡು ಕೊಟ್ಟು ನಾವು ಕಲಿತದ್ದನ್ನು ಆ ಹುಡುಗ ಒಂದು ಅಪ್ಪದಲ್ಲಿ ಹೇಳಿ ಮುಗಿಸಿದ. ದೊಡ್ಡಪ್ಪ ಆ ಅಪ್ಪವನ್ನೂ ತಿಂದರು, ಅದು ಬೇರೆ ಮಾತು.

ಅದಕ್ಕೇ ಹೇಳುತ್ತಿದ್ದೇನೆ, ಯಾವ ತಿಂಗಳಿಗೆ ಯಾವ ದಡ ಎಂದು ವಿಚಾರಿಸದೆ ಹೋಟೆಲಿಗೆ ಪೂರ್ತಿ ಹಣ ಕಟ್ಟಬೇಡಿ.

ಊರಿಗೆ ಮರಳಿದ ಮೇಲೆ ಒಬ್ಬರಾದರೂ ಅಯ್ಯೋ ಎಂದರೇ? ನಾನು ಛತ್ರಿ ಹಿಡಿದು ನಿಂತ ಫೋಟೋವನ್ನು ಇದೇ ಗುಂಪಿನಲ್ಲಿ ಹಾಕಿ ನಕ್ಕರು. ಆ ಪ್ರವಾಸಕ್ಕೆಂದು ಕೊಂಡ ನೀಲಿ ಸೂಟ್‌ಕೇಸನ್ನು, ಹೆಸರು ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಿರುವವರಿಗೇ ಗೊತ್ತಿದೆ, ಒಂದು ವಾರಕ್ಕೆಂದು ಒಯ್ದು ಎಂಟು ತಿಂಗಳ ನಂತರ ತಂದುಕೊಟ್ಟರು. ಒಂದು ಚಕ್ರ ಇರಲಿಲ್ಲ. ಕೇಳಿದರೆ "ಮೊದಲೇ ಇರಲಿಲ್ಲ ಅಕ್ಕ" ಎಂದರು. ಮೂರೇ ಚಕ್ರದ ಸೂಟ್‌ಕೇಸನ್ನು ಯಾವ ಅಂಗಡಿಯವನು ಮಾರುತ್ತಾನೆ? ಈಗ ಅದರಲ್ಲಿ ಹಳೆಯ ಪರದೆಗಳನ್ನು ತುಂಬಿ ಅಟ್ಟಕ್ಕೆ ಹಾಕಿದ್ದೇನೆ. ನಾನು ಸುಮ್ಮನಿದ್ದೇನೆ ಎಂದರೆ ಮರೆತಿದ್ದೇನೆ ಎಂದಲ್ಲ.

ಎಲ್ಲಿದ್ದೆ? ಹಣದ ಮಾತು. ಇನ್ನೊಮ್ಮೆ ಹೇಳುತ್ತೇನೆ, ಅಳಿಯಂದಿರಿಗೂ ಕೇಳಿಸು: ದಡ ಯಾವುದು, ತಿಂಗಳು ಯಾವುದು ಎಂದು ನೋಡಿಕೊಳ್ಳದೆ ಪೂರ್ತಿ ಹಣ ಕಟ್ಟಬೇಡಿ. ಅರ್ಧ ಬೆಲೆ ಎಂದರಂತೂ ಎರಡು ಸಲ ಕೇಳಿ.

ಅಯ್ಯೋ, ನೀನು ಕೇಳಿದ್ದಕ್ಕೇ ಉತ್ತರ ಕೊಡಲಿಲ್ಲವಲ್ಲ. ರದ್ದು ಮಾಡಬೇಡ ಪುಟ್ಟಿ, ದಿಕ್ಕು ಬದಲಾಯಿಸಿ. ಬೆಂತೋಟ, ಮಿರಿಸ್ಸ, ಗಾಲೆ ಈ ಸಲಕ್ಕೆ ಬೇಡ. ಮಿರಿಸ್ಸದ ತಿಮಿಂಗಿಲ ನೋಡುವ ಕಾಲವೂ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ವಿಮಾನ ಇಳಿದು ಸೀದಾ ಸಿಗಿರಿಯದ ಬಂಡೆಕೋಟೆಗೆ ಹೋಗಿ, ಸುಮಾರು ನಾಲ್ಕು ಗಂಟೆಯ ದಾರಿ. ಎರಡು ರಾತ್ರಿ ಇರಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬೆಳಗಿನ ಜಾವದಲ್ಲೇ ಹತ್ತಿ. ಅಲ್ಲಿಂದ ಎರಡು ಗಂಟೆ ಹೋದರೆ ಪೂರ್ವ ದಡದ ಟ್ರಿಂಕೋಮಲಿ. ಜುಲೈಯಲ್ಲಿ ಅದರ ಹತ್ತಿರದ ನಿಲಾವೇಲಿಯ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಟ್ರಿಂಕೋಮಲಿಯ ಬಂಡೆಯ ಮೇಲೆ ಕೋಣೇಶ್ವರನ ಗುಡಿಯೂ ಇದೆ. ಮೂರು ರಾತ್ರಿ ಅಲ್ಲಿರಿ, ಕೊನೆಯದೊಂದು ರಾತ್ರಿ ಕ್ಯಾಂಡಿ. ಅಲ್ಲಿನ ಬುದ್ಧನ ದಂತ ದೇವಾಲಯಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬೇಡಿ, ಅಲ್ಲಿನವರಿಗೆ ನೋವಾಗುತ್ತದೆ. ಎಲ್ಲಾ ಎನ್ನುವ ಆ ಊರಿನ ರೈಲು ಬೇಕೇ ಬೇಕು ಎಂದು ಹಟ ಹಿಡಿದರೆ ಇನ್ನೆರಡು ದಿನ ರಜೆ ಹಾಕಲಿ. ನಕಾಶೆಯಲ್ಲಿ ಅಂಗೈಯಷ್ಟು ಕಂಡರೂ ಬೆಟ್ಟದ ದಾರಿಯಲ್ಲಿ ಕಾರು ಆಮೆಯಂತೆ ಹೋಗುತ್ತದೆ.

ಇನ್ನೊಂದು. ಪ್ರಯಾಣದ ಅನುಮತಿಯನ್ನು ಅವರ ಸರ್ಕಾರದ ಜಾಲತಾಣದಲ್ಲೇ ಮಾಡಿಸಿ, ಮಧ್ಯವರ್ತಿಗಳ ಪುಟಗಳೂ ಹಾಗೆಯೇ ಕಾಣುತ್ತವೆ. ಮದುವೆಯಾಯಿತು ಎಂದು ಗಂಡನ ಹೆಸರು ಸೇರಿಸಿ ಟಿಕೆಟ್ ಮಾಡಿಸಬೇಡ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಆಮೇಲೆ ಫೋನ್ ಮಾಡು. ಹೊರಗೆ ಮೋಡ ಕಟ್ಟುತ್ತಿದೆ, ಒಣಗಿಹಾಕಿದ ಬಟ್ಟೆ ತೆಗೆಯಬೇಕು.