ಆಫ್ರಿಕಾ ಸಫಾರಿಗೆ ಹೊರಡುವವರ ಪ್ರಶ್ನೆಗಳು: ಊರುಗಳನ್ನು ಕಡಿಮೆ ಮಾಡಿ, ರಾತ್ರಿಗಳನ್ನು ಹೆಚ್ಚಿಸಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷಗಳಿಂದ ಪೂರ್ವ ಆಫ್ರಿಕಾಕ್ಕೆ ಸಣ್ಣ ಗುಂಪುಗಳನ್ನು ಕರೆದೊಯ್ಯುವುದೇ ನನ್ನ ಕೆಲಸ. ಹೊರಡುವ ಯೋಚನೆಯಲ್ಲಿರುವವರು ಇಲ್ಲಿಯೇ ಕೇಳಿ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಒದಗುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಂದೆ): ಮೇಡಂ, ನಾವು ನಾಲ್ವರು. ಮಕ್ಕಳಿಗೆ ಹನ್ನೊಂದು ಮತ್ತು ಏಳು ವರ್ಷ. ದಸರಾ ರಜೆಯಲ್ಲಿ ಎಂಟು ರಾತ್ರಿ ಸಿಗುತ್ತವೆ. ಏಜೆಂಟ್ ಕಳುಹಿಸಿದ ಯೋಜನೆಯಲ್ಲಿ ನೈರೋಬಿ, ಅಂಬೊಸೆಲಿ, ನಕುರು, ಮಸಾಯಿ ಮಾರಾ, ಸೆರೆಂಗೆಟಿ, ಎನ್‌ಗೊರೊಂಗೊರೊ ಎಲ್ಲವೂ ಇವೆ. ಒಂದೇ ಓಡಾಟದಲ್ಲಿ ಎರಡು ದೇಶ ನೋಡಿದಂತಾಗುತ್ತದೆ ಎಂಬ ಆಸೆ. ಒಪ್ಪಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ ಸರ್. ಎಂಟು ರಾತ್ರಿಗೆ ಆರು ಜಾಗ ಎಂದರೆ ಮಕ್ಕಳು ಪ್ರಾಣಿಗಳಿಗಿಂತ ಹೆಚ್ಚಾಗಿ ಹೆದ್ದಾರಿಯ ಲಾರಿಗಳನ್ನು ನೋಡಿಕೊಂಡು ಬರುತ್ತಾರೆ.

ಭೂಪಟದಲ್ಲಿ ಕೀನ್ಯಾದ ಮಾರಾ ಮತ್ತು ತಾಂಜಾನಿಯಾದ ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ, ನಿಜ. ನಡುವೆ ಬೇಲಿಯೂ ಇಲ್ಲ. ಆದರೆ ಅಲ್ಲಿ ಗಡಿ ದಾಟುವ ಹಕ್ಕು ಪ್ರಾಣಿಗಳಿಗೆ ಮಾತ್ರ. ಪ್ರವಾಸಿಗರಿಗೆ ಆ ಗಡಿಯ ಬೊಲೊಗೊಂಜಾ ಗೇಟ್ 1977ರಿಂದ ಮುಚ್ಚಿದೆ. ನೀವು ಪಶ್ಚಿಮಕ್ಕೆ ಸುತ್ತು ಹಾಕಿ, ಇಸೆಬೇನಿಯಾ ಗಡಿಯಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕಿಸಿ, ಸಾಮಾನ್ಯವಾಗಿ ಗಾಡಿಯನ್ನೂ ಬದಲಿಸಿ ಹೋಗಬೇಕು. ಒಂದು ಇಡೀ ದಿನ ಅದಕ್ಕೇ ಹೋಗುತ್ತದೆ. ಏಜೆಂಟ್ ಈ ದಿನವನ್ನು ಯೋಜನೆಯಲ್ಲಿ 'ಪ್ರಯಾಣ' ಎಂದು ಒಂದೇ ಪದದಲ್ಲಿ ಬರೆದಿರುತ್ತಾರೆ.

ನಾನಾದರೆ ಮೊದಲು ತಿಂಗಳನ್ನು ನೋಡಿ, ಆಮೇಲೆ ದೇಶವನ್ನು ಆರಿಸುತ್ತೇನೆ. ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳು, ಹತ್ತು ಲಕ್ಷಕ್ಕೂ ಹೆಚ್ಚು, ಮಳೆಯನ್ನೂ ಹಸಿ ಹುಲ್ಲನ್ನೂ ಹಿಂಬಾಲಿಸಿ ವರ್ಷವಿಡೀ ಸುತ್ತುತ್ತಿರುತ್ತವೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಅವು ತಾಂಜಾನಿಯಾದ ದಕ್ಷಿಣ ಸೆರೆಂಗೆಟಿಯಲ್ಲಿ, ಎನ್‌ಡುಟು ಬಯಲಿನಲ್ಲಿ ಕರು ಹಾಕುತ್ತವೆ. ಮೇ, ಜೂನ್‌ನಲ್ಲಿ ಗ್ರುಮೆಟಿ ನದಿಯ ಕಡೆ ಸರಿಯುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ಬದಿಯಲ್ಲಿರುತ್ತವೆ. ನಮ್ಮ ದಸರಾ ರಜೆ ಈ ಲೆಕ್ಕದೊಳಗೇ ಬೀಳುವುದು ಕನ್ನಡದ ಮಕ್ಕಳ ಅದೃಷ್ಟ. ಬೇಸಿಗೆ ರಜೆಯಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಅಲ್ಲಿ ದೊಡ್ಡ ಮಳೆಗಾಲ. ಆಗ ದರ ಇಳಿದಿರುತ್ತದೆ, ದಾರಿ ಕೆಸರಾಗಿರುತ್ತದೆ.

ಹಾಗಾಗಿ ಕೀನ್ಯಾ ಒಂದೇ ಸಾಕು. ನೈರೋಬಿಯಲ್ಲಿ ಒಂದು ರಾತ್ರಿ, ಅಂಬೊಸೆಲಿಯಲ್ಲಿ ಎರಡು, ದಾರಿ ಒಡೆಯಲು ನೈವಾಶಾ ಸರೋವರದ ದಡದಲ್ಲಿ ಒಂದು, ಉಳಿದ ನಾಲ್ಕೂ ಮಾರಾದಲ್ಲಿ. ಅಂಬೊಸೆಲಿಯಲ್ಲಿ ಎರಡು ರಾತ್ರಿ ಏಕೆಂದರೆ, 5,895 ಮೀಟರ್ ಎತ್ತರದ ಕಿಲಿಮಂಜಾರೊ ಹಗಲಿಡೀ ಮೋಡ ಹೊದ್ದುಕೊಂಡಿದ್ದು ನಸುಕಿನಲ್ಲಿ ಮುಖ ತೋರಿಸುವುದೇ ಹೆಚ್ಚು. ಎರಡು ನಸುಕು ಸಿಕ್ಕರೆ ಒಂದರಲ್ಲಾದರೂ ಆನೆಗಳ ಹಿಂದೆ ಬೆಟ್ಟ ಕಾಣಬಹುದು. ಸೆರೆಂಗೆಟಿ ಮತ್ತು ಎನ್‌ಗೊರೊಂಗೊರೊಗಳನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಅವುಗಳಿಗೆಂದೇ ಇನ್ನೊಂದು ಫೆಬ್ರವರಿಯಲ್ಲಿ ಹೋಗಿ.

ಅದೇ ತಂದೆಯ ಮರುಪ್ರಶ್ನೆ: ಒಪ್ಪಿದೆ ಮೇಡಂ. ಆದರೆ ಮಕ್ಕಳಿಗೆ ಹಿಂಡು ನದಿ ದಾಟುವುದನ್ನು ತೋರಿಸಲೇಬೇಕು. ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಖಚಿತ?

ಉತ್ತರ: ಖಚಿತ ಎಂದು ಯಾರಾದರೂ ಹೇಳಿದರೆ ಅವರಿಗೆ ಮುಂಗಡ ಕೊಡಬೇಡಿ. ಹಿಂಡು ದಡಕ್ಕೆ ಬಂದು ನಾಲ್ಕು ಗಂಟೆ ನಿಂತು, ಮುಂದಿನದು ನೀರು ಮೂಸಿ, ಏನೋ ಬೆದರಿ ಎಲ್ಲವೂ ಹಿಂದಿರುಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಾಲ್ಕು ರಾತ್ರಿ ಇರಿ ಎಂದದ್ದು ಈ ಕಾರಣಕ್ಕೂ ಹೌದು.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳಿ. ಕೆಲವು ವರ್ಷಗಳ ಹಿಂದಿನ ಸೆಪ್ಟೆಂಬರ್‌ನಲ್ಲಿ, ಹಿಂಡು ನೀರಿಗಿಳಿಯುತ್ತಿದ್ದಂತೆ ಆಚೆ ದಡದಲ್ಲಿ ಅವು ಹತ್ತಿ ಬರಬೇಕಾದ ಜಾಗಕ್ಕೆ ಗಾಡಿಗಳು ನುಗ್ಗಿದವು. ನಮ್ಮ ಗಾಡಿಯೂ ಅದರಲ್ಲಿ ಒಂದಾಗಿತ್ತು. ಏರಲು ದಾರಿಯಿಲ್ಲದೆ ಪ್ರಾಣಿಗಳು ನಡುನೀರಿನಲ್ಲಿ ತಿರುಗಿ, ಒಂದರ ಮೇಲೊಂದು ಬಿದ್ದು, ಮೊಸಳೆಗಳಿದ್ದ ಕಡೆಗೇ ಸಾಗಿದವು. ಆ ನೋವು ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಹೊರಡುವ ಮುಂಚೆಯೇ ಚಾಲಕರಿಗೆ ಹೇಳಿಬಿಡುತ್ತೇನೆ: ಹಿಂಡಿನ ಮುಂದಿನವು ನೀರಿಗಿಳಿಯುವ ತನಕ ನಾವು ದಡದಿಂದ ದೂರವೇ ನಿಲ್ಲೋಣ, ಅವುಗಳ ದಾರಿಗೆ ಅಡ್ಡ ಹೋಗುವುದೇ ಬೇಡ. ನೀವೂ ಮೊದಲ ದಿನವೇ ಹಾಗೆ ಹೇಳಿ. ಹತ್ತಿರ ಒಯ್ಯದಿದ್ದರೆ ಅತಿಥಿ ಟಿಪ್ಸ್ ಕಡಿಮೆ ಮಾಡುತ್ತಾರೆಂಬ ಭಯಕ್ಕೇ ಎಷ್ಟೋ ಚಾಲಕರು ನಿಯಮ ಮುರಿಯುತ್ತಾರೆ. ಆ ಭಯವನ್ನು ನಾವೇ ತೆಗೆದುಹಾಕಬೇಕು.

ಪ್ರಶ್ನೆ (ಹುಬ್ಬಳ್ಳಿಯಿಂದ): ಇಬ್ಬರಿಗೆ ಒಂದು ಕಂಪನಿಯ ದರ ಇನ್ನೊಂದಕ್ಕಿಂತ ಲಕ್ಷ ರೂಪಾಯಿ ಕಡಿಮೆ ಇದೆ. ಇಷ್ಟು ಅಂತರ ಹೇಗೆ?

ಉತ್ತರ: ಪ್ರವೇಶ ಶುಲ್ಕ ಸೇರಿದೆಯೇ ಎಂದು ಕೇಳಿ ನೋಡಿ ಸರ್. ಮಾರಾ ಅಭಯಾರಣ್ಯದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ತಲಾ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಹನ್ನೆರಡು ಗಂಟೆಗೆ ಮಾತ್ರ. ಈ ಹೆಚ್ಚಿನ ದರದಲ್ಲಿ ಮೂರು ದಿನಕ್ಕೆ ಇಬ್ಬರದ್ದೇ 1,200 ಡಾಲರ್ ಆಯಿತು. ನಿಮ್ಮ ಲಕ್ಷ ರೂಪಾಯಿ ಬಹುಶಃ ಅಲ್ಲಿಯೇ ಅಡಗಿದೆ.

ಎರಡನೆಯದಾಗಿ, ಗಾಡಿ ಯಾವುದು, ಅದರಲ್ಲಿ ಎಷ್ಟು ಜನ, ಪ್ರತಿಯೊಬ್ಬರಿಗೂ ಕಿಟಕಿ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೊಠಡಿಯಲ್ಲಿ ಉಳಿತಾಯ ಮಾಡಿ. ಗಾಡಿಯಲ್ಲಿ ಮತ್ತು ಚಾಲಕನಲ್ಲಿ ಉಳಿತಾಯ ಮಾಡಬೇಡಿ.

ಪ್ರಶ್ನೆ (ಶಿರಸಿಯಿಂದ, ನಿವೃತ್ತ ಶಿಕ್ಷಕಿ): ನಾವು ಶುದ್ಧ ಸಸ್ಯಾಹಾರಿಗಳು. ಅವಲಕ್ಕಿ, ಚಟ್ನಿಪುಡಿ ಹೊತ್ತೇ ಹೋಗಬೇಕೇ?

ಉತ್ತರ: ಚಟ್ನಿಪುಡಿ ಇರಲಿ ಅಮ್ಮ, ಆದರೆ ಹೆದರಿಕೆ ಬೇಡ. ಗುಜರಾತಿಗಳು ತಲೆಮಾರುಗಳಿಂದ ನೆಲೆಸಿರುವ ನಾಡು ಅದು. ಸ್ವಾಹಿಲಿಯಲ್ಲಿಯೂ ಚಪಾತಿಗೆ ಚಪಾತಿ ಎಂದೇ ಹೆಸರು. ಊಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯದೊಂದಿಗೆ ತಿಂದು ನೋಡಿ, ಬಯಲುಸೀಮೆಯ ಊಟದ ನೆನಪಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡವೆಂದರೆ ಕ್ಯಾಂಪ್‌ಗೆ ಒಂದು ವಾರ ಮುಂಚೆಯೇ ಬರೆದು ತಿಳಿಸಿ. ತಿಂಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಕೀನ್ಯಾದಲ್ಲಿ 2017ರಿಂದಲೂ ತಾಂಜಾನಿಯಾದಲ್ಲಿ 2019ರಿಂದಲೂ ಅವಕ್ಕೆ ನಿಷೇಧವಿದೆ. ಬಟ್ಟೆಯ ಚೀಲ, ಸ್ಟೀಲ್ ಡಬ್ಬಿ ಒಳ್ಳೆಯದು.

ಸ್ವೆಟರ್ ಮರೆಯಬೇಡಿ. ನೈರೋಬಿ ಬೆಂಗಳೂರಿಗಿಂತ ಬಹಳ ಎತ್ತರದಲ್ಲಿದೆ. ಮಾರಾದಲ್ಲಿ ಮುಂಜಾನೆ ಗಾಡಿಯ ಛಾವಣಿ ತೆರೆದಾಗ ಚಳಿ ಮೂಳೆಗೆ ತಾಗುತ್ತದೆ. ಕಡು ನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳು ಸೆಳೆಯುತ್ತವೆ.

ಪ್ರಶ್ನೆ (ಮೈಸೂರಿನಿಂದ, ಛಾಯಾಗ್ರಾಹಕ): ಹತ್ತು ವರ್ಷಗಳಿಂದ ಕಬಿನಿಗೆ ಹೋಗುತ್ತಿದ್ದೇನೆ. ಆ ಅನುಭವ ಅಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ? ಯಾವ ಲೆನ್ಸ್ ತರಲಿ?

ಉತ್ತರ: ಕಾಯುವ ಅಭ್ಯಾಸ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಕಿವಿಯ ಅಭ್ಯಾಸ ಅಷ್ಟಾಗಿ ಬರುವುದಿಲ್ಲ. ಕಬಿನಿಯಲ್ಲಿ ನೀವು ಜಿಂಕೆಯ ಕೂಗು, ಮುಸುವದ ಕೆಮ್ಮು ಕೇಳಿ ಹುಲಿ ಎಲ್ಲಿದೆ ಎಂದು ಅಂದಾಜು ಮಾಡುತ್ತೀರಿ. ಮಾರಾದಲ್ಲಿ ಕಣ್ಣೇ ಮುಖ್ಯ. ಹುತ್ತದ ಮೇಲೆ ನಿಂತ ಟೋಪಿ ಎಂಬ ಜಿಂಕೆಯಂಥ ಪ್ರಾಣಿ ಒಂದೇ ದಿಕ್ಕಿಗೆ ಕಣ್ಣು ಕೀಲಿಸಿ ನಿಂತಿದೆಯೆಂದರೆ ಆ ದಿಕ್ಕಿನ ಹುಲ್ಲಿನಲ್ಲಿ ಏನೋ ಇದೆ. ಹಾಗೆಯೇ, ಸುತ್ತ ಒಂದೂ ಗಾಡಿ ಇಲ್ಲದ ಹುತ್ತಗಳನ್ನು ದುರ್ಬೀನಿನಲ್ಲಿ ಒಂದೊಂದಾಗಿ ನೋಡಿ. ಚೀತಾಗಳು ಅವುಗಳ ಮೇಲೇರಿ ಬಯಲನ್ನು ಅಳೆಯುತ್ತಿರುತ್ತವೆ. ನಮ್ಮ ಹಿರಿಯರು ಸಿವಂಗಿ ಎನ್ನುತ್ತಿದ್ದುದು ಇದನ್ನೇ, ಚಿರತೆ ಬೇರೆ. ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿದ ಆ ಪ್ರಾಣಿಯನ್ನು ಮೊದಲ ಸಲ ಬಯಲಿನಲ್ಲಿ ಓಡುತ್ತಿರುವಂತೆ ಕಂಡಾಗ ನನ್ನ ಕೈ ಕ್ಯಾಮೆರಾಕ್ಕೆ ಹೋಗಲೇ ಇಲ್ಲ.

ಲೆನ್ಸ್ 100-400 ಅಥವಾ 200-600 ಸಾಕು. ಟ್ರೈಪಾಡ್ ಬೇಡ. ಲೆನ್ಸ್‌ಗೆ ಆಸರೆಯಾಗಿ ಇಡುವ ಖಾಲಿ ಬೀನ್‌ಬ್ಯಾಗ್ ತಂದು ಅಲ್ಲಿ ಅಕ್ಕಿಯನ್ನೋ ಅವರೆಯಂಥ ಕಾಳನ್ನೋ ತುಂಬಿಸಿಕೊಳ್ಳಿ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹೋಗುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಸೇರಿ 15 ಕಿಲೊ ಮಾತ್ರ, ಅದೂ ಮೆತ್ತಗಿನ ಚೀಲದಲ್ಲಿ. ಡ್ರೋನ್ ಅನ್ನು ಮನೆಯಲ್ಲಿಯೇ ಬಿಡಿ.

ಅಭಯಾರಣ್ಯದೊಳಗೆ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಸುತ್ತಲಿನ ನಬೊಯಿಷೊ, ಒಲಾರೆ ಮೊಟೊರೊಗಿಯಂಥ ಸಂರಕ್ಷಿತ ಜಾಗಗಳಲ್ಲಿ ಅದಕ್ಕೆ ಅವಕಾಶವಿದೆ, ರಾತ್ರಿ ಸಫಾರಿಯೂ ಇದೆ. ಆ ನೆಲ ಮಸಾಯಿ ಕುಟುಂಬಗಳದ್ದು. ಕ್ಯಾಂಪ್‌ಗಳು ಅವರಿಗೆ ಗುತ್ತಿಗೆ ಹಣ ಕೊಡುತ್ತವೆ. ಬೆಲೆ ಹೆಚ್ಚು, ಆದರೆ ಗಾಡಿಗಳು ಕಡಿಮೆ. ಕೈಯಲ್ಲಿ ಆಗುವುದಾದರೆ ಕೊನೆಯ ಎರಡು ರಾತ್ರಿ ಅಲ್ಲಿಯೇ ಇರಿ.

ಪ್ರಶ್ನೆ (ಮಂಗಳೂರಿನಿಂದ): ಅಮ್ಮನಿಗೆ ಎಪ್ಪತ್ತೊಂದು. ಹೃದಯದ ಮಾತ್ರೆ ತೆಗೆದುಕೊಳ್ಳುತ್ತಾರೆ. ಆಫ್ರಿಕಾದ ಆನೆಗಳನ್ನು ನೋಡಬೇಕೆಂದು ವರ್ಷಗಳಿಂದ ಹೇಳುತ್ತಿದ್ದಾರೆ. ಹಳದಿ ಜ್ವರದ ಲಸಿಕೆ ಕಡ್ಡಾಯವಂತೆ. ಏನು ಮಾಡಲಿ?

ಉತ್ತರ: ಟಿಕೆಟ್ ಕಾಯ್ದಿರಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕೀನ್ಯಾದಿಂದ ಹಿಂದಿರುಗುವವರಲ್ಲಿ ಆ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿಯೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿದ ಲಸಿಕೆಗೆ ಮಾತ್ರ ಬೆಲೆ. ಹಾಕಿಸಿದ ಹತ್ತು ದಿನಗಳ ನಂತರ ಪ್ರಮಾಣಪತ್ರ ಜಾರಿಗೆ ಬಂದು, ಮುಂದೆ ಜೀವನಪೂರ್ತಿ ಸಾಕಾಗುತ್ತದೆ. ಆದರೆ ಅರವತ್ತು ದಾಟಿದವರಲ್ಲಿ ಈ ಲಸಿಕೆಯಿಂದ ಗಂಭೀರ ತೊಂದರೆಯಾಗುವ ಸಂಭವ, ಅಪರೂಪವಾದರೂ, ಉಳಿದವರಿಗಿಂತ ಹೆಚ್ಚು. ಹಾಕಿಸಬಹುದೇ ಬೇಡವೇ ಎಂಬುದನ್ನು ಅವರ ಹೃದ್ರೋಗ ವೈದ್ಯರೇ ಹೇಳಬೇಕು. ನಾನಾಗಲಿ ಏಜೆಂಟ್ ಆಗಲಿ ಹೇಳುವ ಮಾತಲ್ಲ.

ವೈದ್ಯರು ಬೇಡವೆಂದರೂ ಅಮ್ಮನ ಆಸೆಯನ್ನು ಕೈಬಿಡಬೇಡಿ. ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿಲ್ಲ. ಜೊಹಾನ್ಸ್‌ಬರ್ಗ್‌ನಿಂದ ಸುಮಾರು ಮೂರು ಗಂಟೆ ದೂರದ ಪಿಲನೆಸ್‌ಬರ್ಗ್‌ನಲ್ಲಿ ಮಲೇರಿಯಾವೂ ಇಲ್ಲ. ಆನೆ, ಸಿಂಹ, ಖಡ್ಗಮೃಗ ಎಲ್ಲವೂ ಇವೆ. ಮುಖ್ಯ ದಾರಿಗಳಿಗೆ ಡಾಂಬರು ಇರುವುದರಿಂದ ಸೊಂಟಕ್ಕೆ ಪೆಟ್ಟೂ ಕಡಿಮೆ. ವಿಮಾನವನ್ನು ಮಾತ್ರ ಅಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ತೆಗೆದುಕೊಳ್ಳಬೇಡಿ, ಅಲ್ಲಿ ಇಳಿದು ಹತ್ತಿದರೂ ಲಸಿಕೆಯ ಪ್ರಶ್ನೆ ಏಳುತ್ತದೆ. ದುಬೈ ಅಥವಾ ದೋಹಾ ಮಾರ್ಗ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಚಳಿಗಾಲ. ಗಿಡಗಳ ಎಲೆ ಉದುರಿ, ಪ್ರಾಣಿಗಳು ನೀರಿನ ಹತ್ತಿರ ಸೇರುತ್ತವೆ. ನೀರಿನ ಹೊಂಡದ ಪಕ್ಕದಲ್ಲೇ ವಸತಿ ಹುಡುಕಿ. ಗಾಡಿ ಹತ್ತಲು ಆಗದ ದಿನವೂ ಅಮ್ಮ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಆನೆಗಳಿಗಾಗಿ ಕಾಯಬಹುದು. ವೈದ್ಯರ ಮಾತು ತಿಳಿದ ಮೇಲೆ ಇಲ್ಲಿಯೇ ಬರೆಯಿರಿ, ದಿನಗಳನ್ನು ಒಟ್ಟಿಗೆ ಕುಳಿತು ಹೊಂದಿಸೋಣ.